ಹೊಲಿಗೆಯ ಸಾಕ್ಷ್ಯ

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ಹೆಂಗಸರು ಕಾರ್ಸೆಟ್ ಎಂಬ ಒಳಕುಪ್ಪಸ ಬಿಗಿದು ನಡುವನ್ನು 16, 18 ಇಂಚಿಗೆ ಇಳಿಸಿಕೊಳ್ಳುತ್ತಿದ್ದರೆಂಬ ಮಾತು ಬಹಳ ಕಾಲ ಇತಿಹಾಸವೆಂದೇ ನಡೆಯಿತು. 1860ರ ದಶಕದ ಮಹಿಳಾ ಪತ್ರಿಕೆಗೆ ಬಂದ ಓದುಗರ ಪತ್ರಗಳೇ ಅದಕ್ಕೆ ಆಧಾರ. ಹಳೆಯ ಉಡುಪುಗಳ ಸಂಗ್ರಹಕಾರ್ತಿ ಡೋರಿಸ್ ಲ್ಯಾಂಗ್ಲಿ ಮೂರ್ ಆ ಪತ್ರಗಳನ್ನು ನಂಬುವ ಬದಲು ಅಳತೆ ಟೇಪು ಹಿಡಿದು ಉಡುಪುಗಳ ಮುಂದೆಯೇ ಕುಳಿತರು. 200ಕ್ಕೂ ಹೆಚ್ಚು ಹಳೆಯ ಉಡುಪುಗಳನ್ನು ಅಳೆದರೂ 20 ಇಂಚಿಗಿಂತ ಸಣ್ಣ ನಡು ಒಂದೂ ಸಿಗಲಿಲ್ಲ. 1949ರಲ್ಲಿ ಅವರು ಇದನ್ನು ಪ್ರಕಟಿಸಿದರು. 1963ರಲ್ಲಿ ಅವರ ಸಂಗ್ರಹ ಬಾತ್ ನಗರದ ಉಡುಪು ಸಂಗ್ರಹಾಲಯವಾಗಿ ನೆಲೆ ಕಂಡಿತು. ಫ್ಯಾಷನ್ ಏಕೆ ಗಂಭೀರ ವಿದ್ಯೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ: ಬರಹ ಹೇಳಿದ ಸುಳ್ಳನ್ನು ಇಲ್ಲಿ ಬಟ್ಟೆ ತಿದ್ದಿತು.

ಆದರೂ ದೊಡ್ಡ ಸಂಗ್ರಹಾಲಯಗಳು ಉಡುಪನ್ನು ಒಳಗೆ ಬಿಟ್ಟುಕೊಂಡದ್ದು ಅರೆಮನಸ್ಸಿನಿಂದಲೇ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯ ಮೊದಲಿನಿಂದಲೂ ನೇಯ್ಗೆ, ಕಸೂತಿಗಳನ್ನು ವಿನ್ಯಾಸದ ಮಾದರಿಗಳೆಂದು ಕೂಡಿಟ್ಟಿತ್ತು. ಅದೇ ಬಟ್ಟೆ ಕತ್ತರಿಸಿ ಹೊಲಿದು ಮೈಮೇಲೆ ಬಂದೊಡನೆ ಹೆಂಗಸರ ಹುಚ್ಚು ಎನಿಸಿಬಿಡುತ್ತಿತ್ತು. ಟಾಲ್ಬಟ್ ಹ್ಯೂಸ್ ಎಂಬ ಚಿತ್ರಕಾರ ಕೂಡಿಟ್ಟ ಹಳೆಯ ಉಡುಪುಗಳ ದೊಡ್ಡ ಸಂಗ್ರಹ 1913ರಲ್ಲಿ ಅಲ್ಲಿಗೆ ಸೇರಿತು. ಅದನ್ನು ದಾನ ಕೊಟ್ಟದ್ದು ಹ್ಯಾರಡ್ಸ್ ಎಂಬ ಅಂಗಡಿ. ಉಡುಪಿನ ಜತೆ ವ್ಯಾಪಾರವೂ ಒಳಗೆ ಬರುತ್ತದೆ ಎಂಬ ಆಕ್ಷೇಪ ಹಗುರವಾದದ್ದಲ್ಲ. 1983ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ ಉಡುಪು ವಿನ್ಯಾಸಕ ಈವ್ ಸ್ಯಾಂ ಲೊರಾನ್ ಕುರಿತು ಪ್ರದರ್ಶನ ನಡೆಸಿದಾಗ ಆತ ಬದುಕಿದ್ದ, ಅವನ ವ್ಯಾಪಾರವೂ ಭರದಿಂದ ಸಾಗಿತ್ತು. ಸಂಗ್ರಹಾಲಯವೇ ಜಾಹೀರಾತಾಯಿತೆಂದು ಟೀಕಿಸಿದವರ ಮಾತಿನಲ್ಲಿ ಹುರುಳಿತ್ತು. ಆದರೆ ಹಣವಂತರ ಅಪ್ಪಣೆಯಂತೆ ಬರೆದ ಭಾವಚಿತ್ರಗಳನ್ನು ಯಾರೂ ಗೋಡೆಯಿಂದ ಇಳಿಸಿಲ್ಲ. ಅಲ್ಲಿ ಬೇಕಾದದ್ದು ವಿಮರ್ಶೆಯ ಸ್ವಾತಂತ್ರ್ಯ, ಇಲ್ಲಿಯೂ ಅದೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಉಳಿದು ಬಂದದ್ದು ಸಿರಿವಂತರ ರೇಷ್ಮೆ. ಬಡವರ ಬಟ್ಟೆ ಮೈಮೇಲೆಯೇ ಸವೆದು ಚಿಂದಿಯಾಯಿತು. ಹಾಗಿದ್ದರೆ ಈ ವಿದ್ಯೆ ಕೆಲವರ ಬೀರುವಿನ ಇತಿಹಾಸವಷ್ಟೇ ಅಲ್ಲವೇ? ಲಂಡನ್ನಿನ ಫೌಂಡ್ಲಿಂಗ್ ಆಸ್ಪತ್ರೆಯ ದಾಖಲೆಗಳು ಇದಕ್ಕೆ ಉತ್ತರ ಕೊಡುತ್ತವೆ. ಸಾಕಲಾಗದ ಕೂಸುಗಳನ್ನು ತಾಯಂದಿರು ಒಪ್ಪಿಸುತ್ತಿದ್ದ ಆ ಅನಾಥಾಲಯ 1741ರಿಂದ ಮಕ್ಕಳನ್ನು ಸೇರಿಸಿಕೊಳ್ಳತೊಡಗಿತು. ಮುಂದೆ ಮಗುವನ್ನು ಗುರುತಿಸಲೆಂದು ಎಷ್ಟೋ ದಾಖಲೆಗಳಿಗೆ ಬಟ್ಟೆಯ ತುಂಡನ್ನು ಸಿಕ್ಕಿಸಿಟ್ಟರು. ಹೀಗೆ ಉಳಿದ ತುಂಡುಗಳು ಸುಮಾರು 5,000. ಇತಿಹಾಸಕಾರ ಜಾನ್ ಸ್ಟೈಲ್ಸ್ ಇವನ್ನು ಓದಿದಾಗ ಬಡ ಹೆಂಗಸರ ಉಡುಪು ಬರೀ ಮಾಸಲು ಉಣ್ಣೆಯಾಗಿರಲಿಲ್ಲವೆಂದು ಕಂಡಿತು. ಹೂವಿನ ಅಚ್ಚಿನ ಬಟ್ಟೆಗಳು, ರಿಬ್ಬನ್‌ಗಳು ಅಲ್ಲಿ ಹೇರಳವಾಗಿವೆ. ಭಾರತದಿಂದ ಹಡಗೇರಿ ಹೋದ ಚೀಟಿ ಬಟ್ಟೆ ಹಬ್ಬಿಸಿದ ಈ ರುಚಿಗೆ ಹೆದರಿಯೇ ಬ್ರಿಟನ್ನಿನ ಸಂಸತ್ತು 1721ರಲ್ಲಿ ಅಚ್ಚಿನ ಹತ್ತಿ ಬಟ್ಟೆಯನ್ನು ನಿಷೇಧಿಸಿತ್ತು. 1736ರಲ್ಲಿ ನಾರುನೂಲಿನ ಹಾಸಿನಲ್ಲಿ (ಉದ್ದೆಳೆಯಲ್ಲಿ) ಹತ್ತಿಯ ಹೊಕ್ಕು (ಅಡ್ಡೆಳೆ) ಬೆರೆಸಿದ ಬಟ್ಟೆಗೆ ವಿನಾಯಿತಿ ಸಿಕ್ಕಿದ ಮೇಲೆ ಆ ರುಚಿ ಕೂಲಿಯವರ ಮನೆಗೂ ಇಳಿದದ್ದನ್ನು ಈ ತುಂಡುಗಳು ತೋರಿಸುತ್ತವೆ.