ಮಂಜಿ: ಹಳೆ ಬಂದರಿನ ಸರಕು ಹಡಗು

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗಿಬರುವ ಮರದ ಹಡಗು ಮಂಜಿ. ಹಾಯಿಯ ಜಾಗಕ್ಕೆ ಈಗ ಡೀಸೆಲ್ ಎಂಜಿನ್ ಬಂದಿದೆ.

ಇದರ ಜೀವಾಳ ಅಡಿಮರ. ತಳದುದ್ದಕ್ಕೂ ಹಾಸಿದ ಈ ದಪ್ಪ ತೊಲೆಯ ಮೇಲೆಯೇ ಇಡೀ ಒಡಲು ಏಳುತ್ತದೆ. ಹಾಯಿಯ ಕಾಲದಲ್ಲಿ ಅಡ್ಡಗಾಳಿಗೆ ಹಡಗು ಪಕ್ಕಕ್ಕೆ ಜಾರದಂತೆ ತಡೆದು, ದಾರಿ ನೇರವಾಗಿಸುತ್ತಿದ್ದುದು ಇದೇ. ಒಡಲಿನ ತೂಕಕ್ಕೆ ಸರಕಿನ ತೂಕ ಸೇರಿ ಅಲೆಯ ಕುಲುಕಾಟ ನಿಧಾನವಾಗುತ್ತದೆ. ವೇಗ ಕಡಿಮೆ, ನಿಜ. ಆದರೆ ಹೊರಗಡಲಲ್ಲಿ ರಾತ್ರಿ ಕಳೆಯುವ ಖಲಾಸಿಗಳಿಗೆ ಈ ನಿಧಾನ ಕುಲುಕಾಟಕ್ಕಿಂತ ದೊಡ್ಡ ಗುಣ ಬೇಕಿಲ್ಲ. ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ಉಳಿಯಿಟ್ಟು ಬಡಿದು ತುಂಬುತ್ತಾರೆ. ನೀರು ಕುಡಿದು ಮರ ಉಬ್ಬಿದಾಗ ಸಂದಿ ಇನ್ನಷ್ಟು ಬಿಗಿಯುತ್ತದೆ.

ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಸೇರುವ ಹಳೆ ಬಂದರಿನ ಅಳಿವೆಯಲ್ಲಿ ಆಳ ಸಾಲದೆ ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕುತ್ತಿದ್ದವು. ಹಾಸನದ ಮಲೆನಾಡಿನಿಂದ ಘಾಟಿ ಇಳಿದ ಕಾಫಿಯೂ ಮಂಗಳೂರು ಹೆಂಚೂ ಅಲ್ಲಿಗೆ ಸಣ್ಣ ಹಡಗು, ದೋಣಿಗಳಲ್ಲೇ ಹೋಗಬೇಕಿತ್ತು. 1970ರ ದಶಕದಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ತೆರೆದ ಮೇಲೆ ದೊಡ್ಡ ವ್ಯಾಪಾರವೆಲ್ಲ ಅತ್ತ ಹೋಯಿತು. ಮಂಜಿಗೆ ಉಳಿದದ್ದು ದ್ವೀಪದ ದಾರಿ: ಇಲ್ಲಿಂದ ಸಿಮೆಂಟು, ಜಲ್ಲಿ, ತರಕಾರಿ, ಅಲ್ಲಿಂದ ಕೊಬ್ಬರಿ. ಮಳೆಗಾಲದಲ್ಲಿ ಸಂಚಾರವಿಲ್ಲ.