ಹವ್ಯಾಸಿ ಸವಾರ ಎಂದರೆ ಯಾರು?

‘ಹವ್ಯಾಸಿ’ ಎಂಬ ಪದ ಕಿವಿಗೆ ಬಿದ್ದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ರಂಗಭೂಮಿ. ಒಂದು ಕಡೆ ಊರೂರು ತಿರುಗಿ ಟಿಕೆಟ್ಟಿನ ದುಡ್ಡಿನಲ್ಲೇ ಹೊಟ್ಟೆ ಹೊರೆದ ವೃತ್ತಿ ಕಂಪನಿಗಳು, ಇನ್ನೊಂದು ಕಡೆ ಹಗಲು ಕಚೇರಿಯಲ್ಲೋ ಕಾಲೇಜಿನಲ್ಲೋ ದುಡಿದು ಸಂಜೆ ಬಣ್ಣ ಹಚ್ಚಿದ ಹವ್ಯಾಸಿಗಳು. ಮೊದಲನೆಯವರಿಗೆ ಅದು ಅನ್ನ, ಎರಡನೆಯವರಿಗೆ ಪ್ರೀತಿ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ನಡುವಿನ ಆ ಗೆರೆಯನ್ನು ಎಳೆದದ್ದು ಪ್ರೀತಿಯೊಂದೇ ಅಲ್ಲ. ಓದು, ಸಂಬಳ, ಅಂತಸ್ತು ಎಲ್ಲವೂ ಅದರಲ್ಲಿ ಕೈಜೋಡಿಸಿದ್ದವು. ಕುದುರೆ ಸವಾರಿಯ ಚರಿತ್ರೆಯಲ್ಲಿ ಇದೇ ಪದ ಇನ್ನೂ ವಿಚಿತ್ರವಾದ ಆಟ ಆಡಿದೆ. ಅಲ್ಲಿ ಸುಮಾರು 40 ವರ್ಷಗಳ ಕಾಲ ದೊಡ್ಡ ಸಂಬಳದವನು ಹವ್ಯಾಸಿ ಅನ್ನಿಸಿಕೊಂಡ, ಸಣ್ಣ ಸಂಬಳದವನು ವೃತ್ತಿಪರ ಅನ್ನಿಸಿಕೊಂಡು ಹೊರಗುಳಿದ.

ಇಂದು ಹವ್ಯಾಸಿ ಸವಾರರೆಂದರೆ ಹೆಚ್ಚಾಗಿ ವಾರಾಂತ್ಯದ ಸವಾರರು. ಜರ್ಮನಿಯ ಸಣ್ಣ ಊರಿರಲಿ, ಬೆಂಗಳೂರಿನ ಹೊರವಲಯವಿರಲಿ, ಶನಿವಾರ ಭಾನುವಾರಗಳಲ್ಲಿ ಸವಾರಿ ಶಾಲೆಗಳಿಗೆ ಬಿಡುವಿಲ್ಲ. ಶಾಲೆಯ ಮಕ್ಕಳು, ಬ್ಯಾಂಕಿನವರು, ವೈದ್ಯರು, ಸಾಫ್ಟ್‌ವೇರಿನವರು ಬೆಳಿಗ್ಗೆ ಬೇಗನೆ ಲಾಯಕ್ಕೆ ಬರುತ್ತಾರೆ. ಕುದುರೆಯ ಮೈ ಉಜ್ಜುವುದು, ಗೊರಸಿನೊಳಗೆ ಸಿಕ್ಕ ಮಣ್ಣು ಕೆದಕಿ ತೆಗೆಯುವುದು, ಜೀನು ಬಿಗಿಯುವುದು, ಒಂದು ಗಂಟೆ ಪಾಠ, ಮತ್ತೆ ಜೀನು ಬಿಚ್ಚಿ ಬೆವರಿದ ಕುದುರೆಯನ್ನು ತಣಿಯುವವರೆಗೆ ನಡೆಸುವುದು. ಎರಡು ದಿನ ಹೀಗೆ ಕಳೆದವರು ಸೋಮವಾರ ತೊಡೆ ಹಿಡಿದುಕೊಂಡೇ ಕುರ್ಚಿಯಲ್ಲಿ ಕೂರುತ್ತಾರೆ.

ಇವರಲ್ಲಿ ಅನೇಕರು ಕಲಿಯಲು ಬರುವ ವಿದ್ಯೆಯ ಹೆಸರು ಡ್ರೆಸಾಜ್. ಫ್ರೆಂಚಿನಲ್ಲಿ ಅದಕ್ಕೆ ತರಬೇತಿ, ಪಳಗಿಸುವಿಕೆ ಎಂದಷ್ಟೇ ಅರ್ಥ. ಸ್ಪರ್ಧೆಯ ಅಂಗಳ 60 ಮೀಟರ್ ಉದ್ದ, 20 ಮೀಟರ್ ಅಗಲ. ಅಂಚಿನುದ್ದಕ್ಕೂ ಇಂಗ್ಲಿಷ್ ಅಕ್ಷರಗಳನ್ನು ನೆಟ್ಟಿರುತ್ತಾರೆ, ಅದೂ ವರ್ಣಮಾಲೆಯ ಕ್ರಮದಲ್ಲಲ್ಲ. ಯಾವ ಅಕ್ಷರದ ಬಳಿ ಕುದುರೆ ನಡಿಗೆಯಿಂದ ಕುಕ್ಕುಲೋಟಕ್ಕೆ ಹೊರಳಬೇಕು, ಎಲ್ಲಿ ವೃತ್ತ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ಮೊದಲೇ ಗೊತ್ತುಮಾಡಿದ್ದು. ಪ್ರತಿ ಚಲನೆಗೂ ತೀರ್ಪುಗಾರರು ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡುತ್ತಾರೆ. ಕುದುರೆಯ ನಡಿಗೆಗೆ ನಾಲ್ಕು ಬಡಿತ, ಕುಕ್ಕುಲೋಟಕ್ಕೆ ಎರಡು, ಕ್ಯಾಂಟರ್ ಎಂಬ ಓಟಕ್ಕೆ ಮೂರು. ಆ ತಾಳ ತಪ್ಪಬಾರದು. ಸವಾರ ಕೂಗುವಂತಿಲ್ಲ, ಜಗ್ಗುವಂತಿಲ್ಲ. ಸೊಂಟದ ಭಾರ, ಮೀನಖಂಡದ ಒತ್ತು, ಲಗಾಮು ಹಿಡಿದ ಬೆರಳಿನ ಸಡಿಲ ಇವಿಷ್ಟೇ ಅವರ ಮಾತು. ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸಿದರೆ ಸವಾರಿ ಚೆನ್ನಾಗಿ ನಡೆಯುತ್ತಿದೆ ಎಂದರ್ಥ.

ಕಲಿಯುವವರಿಗೆ ಮೊದಲ ಪರೀಕ್ಷೆ 20 ಮೀಟರಿನ ವೃತ್ತ. ಕಾಗದದ ಮೇಲೆ ಕೈವಾರದಿಂದ ಎಳೆಯುವ ವೃತ್ತ ಮರಳಿನ ಮೇಲೆ ಸುಲಭಕ್ಕೆ ಮೂಡುವುದಿಲ್ಲ. ಕುದುರೆಗೂ ಮನುಷ್ಯರ ಹಾಗೆ ಎಡಚ ಬಲಚ ಇದೆ. ಒಂದು ಕಡೆ ತಿರುಗುವಾಗ ಭುಜ ಒಳಕ್ಕೆ ವಾಲುತ್ತದೆ, ಇನ್ನೊಂದು ಕಡೆ ತಿರುಗುವಾಗ ಸೊಂಟ ಹೊರಕ್ಕೆ ಜಾರುತ್ತದೆ, ವೃತ್ತ ಮೊಟ್ಟೆಯಾಗುತ್ತದೆ. ಇದನ್ನು ತಿದ್ದಲು ಕಲಿಸುವ ಅಭ್ಯಾಸಗಳಲ್ಲಿ ಮುಖ್ಯವಾದದ್ದು ‘ಶೋಲ್ಡರ್ ಇನ್’. ಕುದುರೆಯ ಮುಂಗಾಲುಗಳನ್ನು ಗೋಡೆಯ ಸಾಲಿನಿಂದ ಕೊಂಚ ಒಳಕ್ಕೆ ತಂದು, ಮೈಯನ್ನು ಸ್ವಲ್ಪ ಬಳುಕಿಸಿ, ಓರೆಯಾಗಿ ಮುಂದೆ ನಡೆಸುವುದು. ಒಳಗಿನ ಹಿಂಗಾಲು ಹೊಟ್ಟೆಯಡಿಗೆ ಬಂದು ಭಾರ ಹೊರಲು ಕಲಿಯುತ್ತದೆ. ಪ್ಯಾರಿಸ್ಸಿನ ಸವಾರಿ ಗುರು ಫ್ರಾಂಸ್ವಾ ರೊಬಿಶೋ ದ ಲಾ ಗೇರಿನಿಯೇರ್ 1733ರ ತನ್ನ ಗ್ರಂಥದಲ್ಲಿ ಈ ಪಾಠಕ್ಕೆ ಮೊದಲ ಮರ್ಯಾದೆ ಕೊಟ್ಟ. ಅದಕ್ಕೂ ಬಹಳ ಹಿಂದೆ, ಸುಮಾರು 2400 ವರ್ಷಗಳ ಕೆಳಗೆ, ಗ್ರೀಸಿನ ಕ್ಸೆನೊಫನ್ ಕುದುರೆಯನ್ನು ಬಲವಂತದಿಂದಲ್ಲ, ಒಲಿಸಿ ಕಲಿಸಬೇಕೆಂದು ವಾದಿಸಿದ್ದ. ಭಾನುವಾರದ ಪಾಠದಲ್ಲಿ ತರಬೇತುದಾರರು ಹೇಳುವ ಮಾತುಗಳ ಹಿಂದೆ ಇಷ್ಟು ಹಳೆಯ ಪರಂಪರೆ ಇದೆ.

ಆದರೆ ಆ ಪರಂಪರೆಯ ವಾರಸುದಾರರು ಯಾರಾಗಿದ್ದರು? ಗೇರಿನಿಯೇರ್‌ನಂಥವರ ಅಕಾಡೆಮಿಗಳಿಗೆ ಬರುತ್ತಿದ್ದವರು ಶ್ರೀಮಂತ ಮನೆತನಗಳ ಗಂಡುಮಕ್ಕಳು. ಕತ್ತಿವರಸೆ, ನೃತ್ಯಗಳ ಜೊತೆಗೆ ಸವಾರಿಯೂ ಅವರ ಸಂಸ್ಕಾರದ ಭಾಗ. ನಮ್ಮಲ್ಲೂ ಕಥೆ ಬೇರೆಯಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಕುದುರೆಯೇರಿ ಚೆಂಡಾಡುವ ಆಟ ಬರುವುದು ರಾಜನ ವಿನೋದಗಳ ಸಾಲಿನಲ್ಲಿ. ಅದೇ ಕುದುರೆಯನ್ನು ಪಳಗಿಸಿ, ಮೇಯಿಸಿ, ಅಂಗಳಕ್ಕೆ ತಂದು ನಿಲ್ಲಿಸುವವನಿಗೆ ಅದು ಚಾಕರಿ. ಬೆನ್ನು ಒಂದೇ, ಏರುವವರ ಅಂತಸ್ತಿಗೆ ತಕ್ಕಂತೆ ಸವಾರಿಯ ಹೆಸರು ಬೇರೆ.

ಈ ಭೇದ ಆಧುನಿಕ ಕ್ರೀಡೆಯೊಳಗೆ ನಿಯಮವಾಗಿಯೇ ಬಂದು ಕೂತಿತು. ಡ್ರೆಸಾಜ್ ಒಲಿಂಪಿಕ್ಸ್‌ಗೆ ಬಂದದ್ದು 1912ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ. ಆಗ ಅರಮನೆಯ ವಿದ್ಯೆ ಅಶ್ವದಳದ ಕೈಗೆ ಬಂದಿತ್ತು. ಹವ್ಯಾಸಿಗಳಿಗೆ ಮಾತ್ರ ಪ್ರವೇಶ ಎಂಬ ತತ್ವವನ್ನು ಕುದುರೆ ಕ್ರೀಡೆಗೆ ಅನ್ವಯಿಸಿದಾಗ ಅರ್ಹರಾದವರು ಸೇನೆಯಲ್ಲಿ ಕಮಿಷನ್ ಪಡೆದ ಅಧಿಕಾರಿಗಳು ಮತ್ತು ‘ಸಭ್ಯ ಗೃಹಸ್ಥರು’. ಸರ್ಕಾರದ ಸಂಬಳ ಪಡೆದು ವಾರವಿಡೀ ಸವಾರಿ ಮಾಡುತ್ತಿದ್ದ ಕ್ಯಾಪ್ಟನ್ ಹವ್ಯಾಸಿ. ಅದೇ ಅಂಗಳದಲ್ಲಿ ಸವಾರಿ ಮಾಡುತ್ತಿದ್ದ ಸಾರ್ಜೆಂಟ್ ಮಾತ್ರ ವೃತ್ತಿಪರ. ಹೆಂಗಸರಿಗಂತೂ ಬಾಗಿಲೇ ಇಲ್ಲ. ನಮ್ಮ ಭಾಷೆಯಿಂದ ನೋಡಿದರೆ ಇದರ ವ್ಯಂಗ್ಯ ಇನ್ನೂ ಚೂಪು. ಬ್ರಿಟಿಷರ ಕಾಲದ ಭಾರತೀಯ ಅಶ್ವದಳಗಳಲ್ಲಿ ಕೊನೆಯ ದರ್ಜೆಯ ಸಿಪಾಯಿಯ ಹುದ್ದೆಗೆ ‘ಸವಾರ’ ಎಂದೇ ಹೆಸರು. 1918ರಲ್ಲಿ ಹೈಫಾ ಪಟ್ಟಣವನ್ನು ಗೆದ್ದ ಅಶ್ವದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಕೂಡ ಒಂದು. ಹುದ್ದೆಯ ಹೆಸರೇ ಸವಾರ ಆಗಿದ್ದವನು ಒಲಿಂಪಿಕ್ಸ್ ನಿಯಮದ ಪ್ರಕಾರ ಸವಾರನಾಗಲು ಲಾಯಕ್ಕಿರಲಿಲ್ಲ.

ಈ ನಿಯಮದ ಪೊಳ್ಳುತನ ಬಯಲಾದದ್ದು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ. ಡ್ರೆಸಾಜ್ ತಂಡ ಸ್ಪರ್ಧೆಯಲ್ಲಿ ಸ್ವೀಡನ್ ಚಿನ್ನ ಗೆದ್ದಿತು. ತಂಡದ ಮೂವರಲ್ಲಿ ಒಬ್ಬ ಗೆನಾಲ್ ಪೆರ್ಸನ್. ಅವನು ನಿಜಕ್ಕೂ ಸಾರ್ಜೆಂಟ್. ಕೂಟಕ್ಕೆ ಸ್ವಲ್ಪ ಮುಂಚೆ ಅವನಿಗೆ ಅಧಿಕಾರಿ ಹುದ್ದೆಗೆ ಬಡ್ತಿ ಕೊಟ್ಟಿದ್ದರು, ಕೂಟ ಮುಗಿದ ಕೆಲವೇ ವಾರಗಳಲ್ಲಿ ವಾಪಸ್ ಹಳೆಯ ದರ್ಜೆಗೆ ಇಳಿಸಿದರು. ಸುದ್ದಿ ಹೊರಬಿತ್ತು. 1949ರಲ್ಲಿ ಸ್ವೀಡನ್ ತಂಡ ಅನರ್ಹಗೊಂಡಿತು, ಚಿನ್ನ ಫ್ರಾನ್ಸ್ ಪಾಲಾಯಿತು. ಪೆರ್ಸನ್‌ನ ವೃತ್ತದಲ್ಲಿ ಕೊರತೆ ಇತ್ತೆಂದಲ್ಲ, ಅವನ ಕುದುರೆ ತಾಳ ತಪ್ಪಿತೆಂದೂ ಅಲ್ಲ. ತೀರ್ಪುಗಾರರು ಅಂಗಳದಲ್ಲಿ ಕಂಡದ್ದನ್ನು ಭುಜದ ಮೇಲಿನ ಪಟ್ಟಿ ಅಳಿಸಿಹಾಕಿತು.

ಮುಜುಗರ ದೊಡ್ಡದಾಗಿತ್ತು. ಯುದ್ಧಕ್ಕೆ ಕುದುರೆಯೇ ಬೇಡವಾಗಿ ಅಶ್ವದಳಗಳು ಟ್ಯಾಂಕುಗಳಿಗೆ ಬದಲಾಗುತ್ತಿದ್ದ ಕಾಲವೂ ಅದೇ. 1952ರ ಹೆಲ್ಸಿಂಕಿ ಕೂಟದ ಹೊತ್ತಿಗೆ ನಿಯಮ ಬದಲಾಯಿತು. ದರ್ಜೆಯ ಅಡ್ಡಿ ಹೋಯಿತು, ಡ್ರೆಸಾಜ್‌ನಲ್ಲಿ ಹೆಂಗಸರೂ ಗಂಡಸರ ಜೊತೆಯಲ್ಲೇ ಸ್ಪರ್ಧಿಸಬಹುದೆಂದಾಯಿತು. ಪೆರ್ಸನ್ ಮತ್ತೆ ಬಂದ. 1948ರ ಅದೇ ಮೂವರು ಸೇರಿ 1952ರಲ್ಲೂ 1956ರಲ್ಲೂ ಸ್ವೀಡನ್‌ಗೆ ತಂಡದ ಚಿನ್ನ ತಂದರು.

ಹೆಲ್ಸಿಂಕಿಯ ಡ್ರೆಸಾಜ್‌ನಲ್ಲಿ ನಾಲ್ವರು ಹೆಂಗಸರಿದ್ದರು. ಅವರಲ್ಲಿ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಒಬ್ಬಳು. 1944ರಲ್ಲಿ, 23ರ ವಯಸ್ಸಿನಲ್ಲಿ, ಗರ್ಭಿಣಿಯಾಗಿದ್ದಾಗ ಅವಳಿಗೆ ಪೋಲಿಯೊ ತಗುಲಿತ್ತು. ಆರೋಗ್ಯವಂತ ಮಗಳು ಹುಟ್ಟಿದಳು, ತಾಯಿಯ ಮೊಣಕಾಲಿನ ಕೆಳಭಾಗ ಮಾತ್ರ ಮತ್ತೆ ಮೊದಲಿನಂತಾಗಲಿಲ್ಲ. ಕುದುರೆ ಹತ್ತಲು, ಇಳಿಯಲು ಅವಳಿಗೆ ಇನ್ನೊಬ್ಬರ ಆಸರೆ ಬೇಕು. ಮೀನಖಂಡದ ಒತ್ತೇ ಭಾಷೆಯಾಗಿರುವ ವಿದ್ಯೆಯಲ್ಲಿ ಆ ಭಾಷೆಯಿಲ್ಲದೆ, ಬೆನ್ನು ಸೊಂಟಗಳ ಭಾರದಿಂದಲೇ ಅವಳು ತನ್ನ ‘ಜುಬಿಲಿ’ ಕುದುರೆಯೊಂದಿಗೆ ಮಾತಾಡಿದಳು. ಚಿನ್ನ ಗೆದ್ದ ಸ್ವೀಡನ್ನಿನ ಆಂರಿ ಸೇಂಟ್ ಸಿರ್‌ಗೆ 561 ಅಂಕ, ಅವಳಿಗೆ 541.5, ಮೂರನೆಯವನಿಗೆ 541. ಅರ್ಧ ಅಂಕದ ಅಂತರದ ಬೆಳ್ಳಿ. ನಾಲ್ಕು ವರ್ಷದ ನಂತರ ಮತ್ತೊಂದು ಬೆಳ್ಳಿ. ಹಳೆಯ ನಿಯಮ ಇದ್ದಿದ್ದರೆ ಅವಳು ಪ್ರೇಕ್ಷಕರ ಸಾಲಿನಲ್ಲಿ ಕೂತಿರುತ್ತಿದ್ದಳು. 1972ರಲ್ಲಿ ಜರ್ಮನಿಯ ಲಿಸೆಲೊಟ್ ಲಿನ್ಸೆನ್‌ಹಾಫ್ ವೈಯಕ್ತಿಕ ಚಿನ್ನ ಗೆದ್ದಳು. 2024ರ ಪ್ಯಾರಿಸ್ ಕೂಟದಲ್ಲಿ ವೈಯಕ್ತಿಕ ಡ್ರೆಸಾಜ್‌ನ ಮೂರೂ ಪದಕಗಳು ಹೆಂಗಸರವೇ.

ಭಾರತದಲ್ಲೂ ಈ ದಾರಿ ಸೇನೆಯಿಂದಲೇ ಹೊರಟಿತು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಕುದುರೆ ಕ್ರೀಡೆಯಲ್ಲಿ ಚಿನ್ನ ತಂದವರು ಸೈನಿಕರು. 41 ವರ್ಷಗಳ ನಂತರ, 2023ರಲ್ಲಿ ಹಾಂಗ್‌ಝೌನಲ್ಲಿ ಡ್ರೆಸಾಜ್ ತಂಡದ ಚಿನ್ನ ಗೆದ್ದ ಅನುಷ್ ಅಗರ್ವಾಲಾ, ಹೃದಯ್ ಛೇಡಾ, ದಿವ್ಯಕೃತಿ ಸಿಂಗ್, ಸುದೀಪ್ತಿ ಹಜೇಲಾ ನಾಲ್ವರೂ ಸಮವಸ್ತ್ರವಿಲ್ಲದವರು, ಅದರಲ್ಲಿ ಇಬ್ಬರು ಹುಡುಗಿಯರು. ಬೆಂಗಳೂರಿನ ಫವಾದ್ ಮಿರ್ಜಾ 2018ರಲ್ಲಿ ಏಷ್ಯನ್ ಕೂಟದ ಎರಡು ಬೆಳ್ಳಿ ಗೆದ್ದು, ಮುಂದೆ ಟೋಕಿಯೊ ಒಲಿಂಪಿಕ್ಸ್‌ಗೆ ಹೋದದ್ದು ಡ್ರೆಸಾಜ್‌ನಿಂದಲೇ ಶುರುವಾಗುವ ಈವೆಂಟಿಂಗ್ ಸ್ಪರ್ಧೆಯಲ್ಲಿ.

ಹಾಗಾದರೆ ಗೆರೆ ಅಳಿಸಿತೇ? ಪಟ್ಟಿಯ ಜಾಗಕ್ಕೆ ಹಣ ಬಂದಿದೆ. ದೊಡ್ಡ ಕೂಟಗಳ ಕನಸಿರುವವರು ಯುರೋಪಿನಲ್ಲಿ ವರ್ಷಗಟ್ಟಲೆ ಇದ್ದು ಕಲಿಯಬೇಕು, ಪಳಗಿದ ಕುದುರೆ ಕೊಳ್ಳಬೇಕು ಇಲ್ಲವೇ ಬಾಡಿಗೆಗೆ ಪಡೆಯಬೇಕು. ಇನ್ನೊಂದು ಕಡೆ, ಮದುವೆಯ ದಿನ ಕುದುರೆಯೇರಿದ್ದಕ್ಕೆ ದಲಿತ ವರನ ಮೇಲೆ ಹಲ್ಲೆಯಾದ ಸುದ್ದಿ ರಾಜಸ್ಥಾನ, ಗುಜರಾತುಗಳಿಂದ ಈಗಲೂ ಬರುತ್ತದೆ. ಕುದುರೆಯ ಬೆನ್ನು ಇವತ್ತಿಗೂ ಬರಿಯ ಬೆನ್ನಲ್ಲ.

ವಾರಾಂತ್ಯದ ಸವಾರಿ ಶಾಲೆಯ ಮಹತ್ವ ನನಗೆ ಕಾಣುವುದು ಇಲ್ಲಿ. ಪದಕದ ಆಸೆಯಿಲ್ಲದೆ, ಒಂದು ವೃತ್ತವನ್ನು ಸರಿಯಾಗಿ ತಿರುಗಿಸಲು ಎರಡು ದಿನ ಬೆವರು ಹರಿಸುವ ಗುಮಾಸ್ತೆಯೂ ವಿದ್ಯಾರ್ಥಿನಿಯೂ ಒಂದು ಕಾಲದ ರಾಜವಿನೋದವನ್ನು ಸದ್ದಿಲ್ಲದೆ ತಮ್ಮದಾಗಿಸಿಕೊಂಡಿದ್ದಾರೆ. ಆದರೆ ಅದೇ ಲಾಯದಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಹುಲ್ಲು ಹಾಕಿ, ಲದ್ದಿ ಎತ್ತಿ, ಕುದುರೆಯ ಒಂದೊಂದು ಮುನಿಸನ್ನೂ ಬಲ್ಲ ಸೈಸನನ್ನು ನಾವಿನ್ನೂ ಸವಾರ ಎಂದು ಕರೆಯುವುದಿಲ್ಲ. ಪೆರ್ಸನ್‌ಗೆ ನ್ಯಾಯ ಸಿಗಲು ನಾಲ್ಕು ವರ್ಷ ಬೇಕಾಯಿತು. ಈ ಸೈಸನ ಮಗಳು ಆ 60 ಮೀಟರಿನ ಅಂಗಳಕ್ಕೆ ಹವ್ಯಾಸಿಯಾಗಿ ಇಳಿಯುವ ದಿನದವರೆಗೆ ‘ಹವ್ಯಾಸಿ’ ಎಂಬ ಪದದ ಲೆಕ್ಕ ಪೂರ್ತಿ ಚುಕ್ತಾ ಆಗುವುದಿಲ್ಲ.