ಆಖ್ಯಾತ ಪ್ರತ್ಯಯಗಳು: ಕನ್ನಡ ಮತ್ತು ತೆಲುಗಿನಲ್ಲಿ

ಕ್ರಿಯಾಪದದ ಕೊನೆಗೆ ಸೇರಿ, ಕೆಲಸ ಯಾರದೆಂದು ತಿಳಿಸುವ ಪ್ರತ್ಯಯಗಳಿಗೆ ಕನ್ನಡ ವ್ಯಾಕರಣದಲ್ಲಿ ಆಖ್ಯಾತ ಪ್ರತ್ಯಯಗಳೆಂದು ಹೆಸರು. ‘ಬಂದೆನು’ ಎಂದರೆ ಸಾಕು, ‘ನಾನು’ ಎಂದು ಬೇರೆ ಹೇಳಬೇಕಾಗಿಲ್ಲ. ಸ್ಪ್ಯಾನಿಷ್‌ನಲ್ಲೂ ಹೀಗೆಯೇ: ‘ಆಬ್ಲೊ’ ಎಂದರೆ ಮಾತಾಡುತ್ತೇನೆ, ‘ಆಬ್ಲಾಸ್’ ಎಂದರೆ ಮಾತಾಡುತ್ತೀಯೆ. ಇಂಗ್ಲಿಷ್‌ನಲ್ಲಿ ಇಂಥ ಪ್ರತ್ಯಯಗಳು ಬಹುಮಟ್ಟಿಗೆ ಸವೆದುಹೋಗಿವೆ. ಸಾಮಾನ್ಯ ಕ್ರಿಯಾಪದಗಳಲ್ಲಿ ಉಳಿದದ್ದು ‘ಅವನು’, ‘ಅವಳು’, ‘ಅದು’ಗಳ ವರ್ತಮಾನಕಾಲದ ‘ಸ್’ ಒಂದೇ. ಹಾಗಾಗಿ ಅಲ್ಲಿ ಕರ್ತೃಪದವನ್ನು ಬಿಡುವಂತಿಲ್ಲ.

ಹಳಗನ್ನಡದ ಪ್ರತ್ಯಯಗಳನ್ನು ಕೇಶಿರಾಜ 13ನೆಯ ಶತಮಾನದ ಶಬ್ದಮಣಿದರ್ಪಣದಲ್ಲಿ ಸೂತ್ರಬದ್ಧವಾಗಿ ಹೇಳಿದ್ದಾನೆ: ಅಂ, ಅರ್, ಅಯ್, ಇರ್, ಎಂ, ಎವು. ಸಂಸ್ಕೃತ ಕ್ರಮದಂತೆ ‘ಅವನು’ ಮೊದಲು, ‘ನಾನು’ ಕೊನೆಗೆ. ಶಾಲಾ ವ್ಯಾಕರಣದಲ್ಲಿ ಇಂದಿಗೂ ‘ಅವನು’ ಪ್ರಥಮ ಪುರುಷ, ‘ನಾನು’ ಉತ್ತಮ ಪುರುಷ. ಆಗ ‘ಬಂದೆಂ’ ಎಂದರೆ ನಾನು, ‘ಬಂದಯ್’ ಎಂದರೆ ನೀನು, ಗೊಂದಲಕ್ಕೆ ಎಡೆಯಿರಲಿಲ್ಲ. ಹೊಸಗನ್ನಡದ ಮಾತಿನಲ್ಲಿ ಎರಡೂ ಸವೆದು ‘ಬಂದೆ’ ಆದವು. ‘ನಾನು ಬಂದೆ’, ‘ನೀನು ಬಂದೆ’ ಎನ್ನುವಾಗ ವ್ಯತ್ಯಾಸ ತಿಳಿಯುವುದು ಸರ್ವನಾಮದಿಂದ ಮಾತ್ರ. ಇಷ್ಟರ ಮಟ್ಟಿಗೆ ಕನ್ನಡವೂ ಇಂಗ್ಲಿಷ್ ಹಿಡಿದ ದಾರಿಯನ್ನೇ ಹಿಡಿದಿದೆ. ನಿಷೇಧ ರೂಪದಲ್ಲಿ ನಷ್ಟ ಇನ್ನೂ ದೊಡ್ಡದು. ‘ಮಾಡೆನು’, ‘ಮಾಡನು’, ‘ಮಾಡರು’ ಎಂಬ ಚೊಕ್ಕ ರೂಪಗಳು ಆಡುಮಾತಿನಿಂದ ಬಹುತೇಕ ಮರೆಯಾಗಿ, ಎಲ್ಲ ಪುರುಷಗಳಿಗೂ ‘ಮಾಡುವುದಿಲ್ಲ’ ಒಂದೇ ಸಾಲುತ್ತಿದೆ.

1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಕಲಬುರಗಿ, ಬೀದರ್, ರಾಯಚೂರು ಸೀಮೆಯಲ್ಲಿ ಈ ಪ್ರತ್ಯಯಗಳ ರೂಪವೇ ಬೇರೆ. ಕಲಬುರಗಿಯ ಮಾತಿನಲ್ಲಿ ‘ಬಂದೀನಿ, ಬಂದಾನ, ಬಂದಾಳ, ಬಂದಾರ’ ಎನ್ನುತ್ತಾರೆ. ಪುರುಷ, ಲಿಂಗ, ವಚನ ಮೂರೂ ಇಲ್ಲಿ ಸ್ಪಷ್ಟ.

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರ ಕಿವಿಗೆ ನಿತ್ಯವೂ ಬೀಳುವ ತೆಲುಗಿನ ವ್ಯವಸ್ಥೆ ಒಂದು ಕಡೆ ಬೇರೆಯಾಗುತ್ತದೆ. ‘ಅತನು ವಚ್ಚಾಡು’ ಎಂದರೆ ಅವನು ಬಂದನು. ಆದರೆ ‘ಆಮೆ ವಚ್ಚಿಂದಿ’, ‘ಅದಿ ವಚ್ಚಿಂದಿ’ ಎರಡಕ್ಕೂ ಒಂದೇ ಕ್ರಿಯಾರೂಪ. ಬಹುವಚನದಲ್ಲಿ ಗಂಡಸರಿಗೂ ಹೆಂಗಸರಿಗೂ ‘ವಚ್ಚಾರು’, ಉಳಿದವಕ್ಕೆ ‘ವಚ್ಚಾಯಿ’. ಅಷ್ಟೇ ಅಲ್ಲ, ತೆಲುಗಿನಲ್ಲಿ ನಾಮಪದಕ್ಕೂ ಪುರುಷ ಪ್ರತ್ಯಯ ಹತ್ತುತ್ತದೆ: ‘ನೇನು ತೆಲುಗುವಾಣ್ಣಿ’ (ನಾನು ತೆಲುಗಿನವನು), ‘ನುವ್ವು ತೆಲುಗುವಾಡಿವಿ’ (ನೀನು ತೆಲುಗಿನವನು).

ಹೆಂಗಸಿಗೆ ಬೇರೆ ಪ್ರತ್ಯಯವಿಲ್ಲದ್ದು ತೆಲುಗಿನ ಕೊರತೆಯೆಂದು ಕನ್ನಡಿಗರಿಗೆ ಮೇಲ್ನೋಟಕ್ಕೆ ಅನ್ನಿಸುವುದು ಸಹಜ. ಇತಿಹಾಸ ಹೇಳುವುದು ಬೇರೆ. ದ್ರಾವಿಡ ಕ್ರಿಯಾಪದದ ಪ್ರತ್ಯಯಗಳು ಸರ್ವನಾಮಗಳಿಂದಲೇ ಹುಟ್ಟಿದವೆಂದು ಭಾಷಾಶಾಸ್ತ್ರಜ್ಞ ಕಾಲ್ಡ್‌ವೆಲ್ 1856ರಲ್ಲೇ ತೋರಿಸಿದ್ದರು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ಕಲಿಸಿದ ಭದ್ರಿರಾಜು ಕೃಷ್ಣಮೂರ್ತಿ (1928–2012) ತೆಲುಗು ಧಾತುಗಳ ಮೇಲಿನ ಗ್ರಂಥವನ್ನು 1961ರಲ್ಲಿ, ದ್ರಾವಿಡ ಭಾಷೆಗಳ ಸಮಗ್ರ ಗ್ರಂಥವನ್ನು 2003ರಲ್ಲಿ ಪ್ರಕಟಿಸಿದರು. ಗಂಡಸಿಗೆ ಒಂದು ರೂಪ, ಉಳಿದೆಲ್ಲಕ್ಕೂ ಇನ್ನೊಂದು ಎಂಬ ಏಕವಚನದ ವಿಭಾಗ ಮೂಲದ್ರಾವಿಡದಿಂದ ಬಂದದ್ದೆಂಬುದು ಅವರ ನಿಲುವು. ಅದರ ಪ್ರಕಾರ ತೆಲುಗು ಹಳೆಯದನ್ನು ಉಳಿಸಿಕೊಂಡಿದೆ. ‘ಬಂದಳು’ ಎಂಬಲ್ಲಿಯ ‘ಅಳು’ ಕನ್ನಡ, ತಮಿಳು ಸೇರಿದ ದಕ್ಷಿಣದ ಶಾಖೆಯಲ್ಲಿ ಆಮೇಲೆ ಹುಟ್ಟಿದ್ದು.